ಟ್ರ್ಯಾಕಿಗೆ ಹೋದ ಕಾರು, ಅಂಚು ಕಳೆದುಕೊಂಡ ಟೈರು

ಮಂಡ್ಯ ಜಿಲ್ಲೆಯ ಹೊಸಹೊಳಲಿನಿಂದ ಚಿನಕುರಳಿ, ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ದಿನಾ ಓಡಾಡುವ ಸಣ್ಣ ಕಾರಿನ ಟೈರು, ಗಾಳಿ ಮತ್ತು ಅಲೈನ್‌ಮೆಂಟ್ ನೋಡಿಕೊಂಡರೆ, 40,000 ಕಿ.ಮೀ. ತಕರಾರಿಲ್ಲದೆ ಬಾಳುತ್ತದೆ. ಅದೇ ಕಾರನ್ನು ಏನೂ ಬದಲಾಯಿಸದೆ ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಒಯ್ದು ಒಂದು ದಿನ 100 ಕಿ.ಮೀ. ಬಿಗಿಯಾಗಿ ಓಡಿಸಿ ತಂದರೆ ಮುಂದಿನ ಟೈರುಗಳ ಹೊರ ಅಂಚು ಗುರುತು ಸಿಗದ ಹಾಗೆ ಆಗಿರುತ್ತದೆ. ನಡುವಿನ ಗ್ರಿಪ್ ಮಾತ್ರ ಮೊದಲಿನಂತೆಯೇ ಇರುತ್ತದೆ. ಊರಿನ ಟೈರ್ ಅಂಗಡಿಯಲ್ಲಿ ತೋರಿಸಿದರೆ ಸಿಗುವ ತೀರ್ಪು ಒಂದೇ: "ಅಲೈನ್‌ಮೆಂಟ್ ಔಟ್ ಆಗೈತೆ ಸಾರ್. ಮಧ್ಯ ಹಂಗೇ ಐತೆ, ಸೈಡೆಲ್ಲಾ ತಿಂದಾಕೈತೆ." ರಸ್ತೆಯ ಮಟ್ಟಿಗೆ ಈ ಮಾತು ಸರಿ, ಟ್ರ್ಯಾಕಿನ ಮಟ್ಟಿಗೆ ಅಲ್ಲ. ಕಂಪನಿಯವರು ಹೇಳಿದ ಅಳತೆಗೆ ಕೂದಲೆಳೆ ವ್ಯತ್ಯಾಸವಿಲ್ಲದೆ ಅಲೈನ್‌ಮೆಂಟ್ ಮಾಡಿಸಿದ ಕಾರೂ ಟ್ರ್ಯಾಕಿನಲ್ಲಿ ಹೀಗೇ ಅಂಚು ತಿನ್ನುತ್ತದೆ. ಯಾಕೆ ತಿನ್ನುತ್ತದೆ, ಎಷ್ಟನ್ನು ತಡೆಯಬಹುದು, ಎಷ್ಟಕ್ಕೆ ದುಡ್ಡು ಕಟ್ಟಿಯೇ ತೀರಬೇಕು ಎಂಬುದು ಇಲ್ಲಿನ ವಿಚಾರ.

ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಲೈಸೆನ್ಸು, ಹೆಲ್ಮೆಟ್ಟು, ತಪಾಸಣೆಯಲ್ಲಿ ಪಾಸಾಗುವ ಕಾರು ಇಷ್ಟಿದ್ದರೆ ಹಣ ಕಟ್ಟಿ ಸರದಿಯ ಮೇಲೆ ಹದಿನೈದಿಪ್ಪತ್ತು ನಿಮಿಷ ಟ್ರ್ಯಾಕಿನಲ್ಲಿ ಓಡಿಸಬಹುದು. ಗೆದ್ದವರು ಸೋತವರು ಅಂತ ಇರುವುದಿಲ್ಲ. ಎದುರಿನಿಂದ ಲಾರಿ ಬರುವುದಿಲ್ಲ, ರಸ್ತೆ ಮೇಲೆ ಹುರುಳಿ ಒಕ್ಕಣೆ ಹಾಕಿರುವುದಿಲ್ಲ, ಹಸು ಅಡ್ಡ ಬರುವುದಿಲ್ಲ. ಕೊಯಮತ್ತೂರಿನ ಹೊರಗೆ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿ.ಮೀ. ಉದ್ದದ್ದು, ರೇಸರ್ ಹಾಗೂ ಕಾರು ತಯಾರಕ ಎಸ್. ಕರಿವರ್ಧನ್ ಅವರ ಹೆಸರು ಹೊತ್ತು 2003ರಲ್ಲಿ ಶುರುವಾಯಿತು. ಮಾಮೂಲಿ ಕಾರಿಗೆ ಇಲ್ಲಿ ಒಂದು ಸುತ್ತಿಗೆ ಒಂದೂವರೆ ನಿಮಿಷ ಆಸುಪಾಸು ಬೇಕು. ಸರದಿಗೆ ಹತ್ತು ಸುತ್ತು, ದಿನಕ್ಕೆ ಐದು ಸರದಿ ಎಂದರೆ 105 ಕಿ.ಮೀ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನಲ್ಲಿ 1990ರಿಂದ ಇರುವ ಟ್ರ್ಯಾಕು 3.7 ಕಿ.ಮೀ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕೀಟು 5 ಕಿ.ಮೀ. ಮೀರಿದ್ದು, 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ ಜಾಗ, ಆದರೆ ನಮಗೆ ದೂರ.

ಕರ್ನಾಟಕದಲ್ಲಿ ರ‍್ಯಾಲಿಗೆ ಹೆಸರಿದೆ, ಬೆಂಗಳೂರಿನ ಸುತ್ತ ಗೋ-ಕಾರ್ಟ್ ಟ್ರ್ಯಾಕುಗಳಿವೆ, ಮೈಸೂರು ದಸರಾ ಹೊತ್ತಿನಲ್ಲಿ ಲಲಿತಮಹಲ್ ಹೆಲಿಪ್ಯಾಡ್ ಮೈದಾನದಲ್ಲಿ ಮಣ್ಣಿನ ಮೇಲೆ ಕಾರು ಓಡಿಸುವ ಸ್ಪರ್ಧೆ ನಡೆದದ್ದುಂಟು. ಕೊಯಮತ್ತೂರು, ಚೆನ್ನೈಗಳಲ್ಲಿ ಇರುವಂಥ ಡಾಂಬರು ಟ್ರ್ಯಾಕು ಮಾತ್ರ ಇಲ್ಲ. ತಮಾಷೆ ಎಂದರೆ ಟೈರು ತಯಾರಾಗುವುದು ನಮ್ಮ ಬಾಗಿಲಲ್ಲೇ. ಮೈಸೂರಿನ ಕೆ.ಆರ್.ಎಸ್. ರಸ್ತೆಯ ವಿಕ್ರಾಂತ್ ಫ್ಯಾಕ್ಟರಿ ರಾಜ್ಯ ಸರ್ಕಾರ ಕಟ್ಟಿದ್ದು, 1997ರಲ್ಲಿ ಜೆ.ಕೆ. ಟೈರ್ ಕೈಗೆ ಹೋಯಿತು. ನಮ್ಮ ಸೀಮೆಯ ಹಿರಿಯರು ಈಗಲೂ ಅದನ್ನು ವಿಕ್ರಾಂತ್ ಅಂತಲೇ ಕರೆಯುವುದು. ಅದೇ ಜೆ.ಕೆ. ಟೈರ್ ತನ್ನ ರಾಷ್ಟ್ರೀಯ ರೇಸಿಂಗ್ ಚಾಂಪಿಯನ್‌ಶಿಪ್ಪನ್ನು ನಡೆಸಿಕೊಂಡು ಬಂದಿರುವುದು ಕರಿ ಟ್ರ್ಯಾಕಿನಲ್ಲಿ. ಹೊಸಹೊಳಲಿನ ಹುಡುಗನೊಬ್ಬನಿಗೆ ತನ್ನ ಕಾರಿನ ತಾಕತ್ತು ನೋಡಬೇಕೆನಿಸಿದರೆ ಚಾಮರಾಜನಗರ, ಹಾಸನೂರು ದಾಟಿ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದು ಸತ್ಯಮಂಗಲದ ಮೇಲೆ ಹೋಗಬೇಕು. ಹೋಗಿಬರುವ ದಾರಿಯೇ ಐನೂರು ಕಿ.ಮೀ.ಗೆ ಕಡಿಮೆಯಿಲ್ಲ. ಟ್ರ್ಯಾಕಿನಲ್ಲಿ ಟೈರು ಮುಗಿಸಿಕೊಂಡರೆ ಅದೇ ಟೈರಿನಲ್ಲಿ ಆ ಘಾಟಿ ಹತ್ತಿ ವಾಪಸು ಬರಬೇಕು ಎಂಬುದನ್ನು ಹೊರಡುವಾಗಲೇ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಈಗ ಸವೆತದ ಮೂಲಕ್ಕೆ ಬರೋಣ. ಟೈರು ಸವೆಯುವುದು ಉರುಳುವುದರಿಂದಲ್ಲ, ಜಾರುವುದರಿಂದ. ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವ ಟೈರು ನೆಲವನ್ನು ಹೆಚ್ಚುಕಡಿಮೆ ಉಜ್ಜುವುದೇ ಇಲ್ಲ. ತಿರುವಿನಲ್ಲಿ, ಬ್ರೇಕಿನಲ್ಲಿ, ಎಕ್ಸಿಲರೇಟರ್ ಒತ್ತಿದಾಗ ರಬ್ಬರು ನೆಲಕ್ಕೆ ಕಚ್ಚಿಕೊಂಡು ಸ್ವಲ್ಪ ಹಿಗ್ಗಿ, ಆಮೇಲೆ ಬಿಟ್ಟುಕೊಂಡು ಜಾರುತ್ತದೆ. ಆ ಜಾರಿಕೆಯೇ ಸವೆತ. ತಿರುವಿನ ಬಲ ಎರಡರಷ್ಟಾದರೆ ಜಾರಿಕೆಯೂ ಸುಮಾರು ಎರಡರಷ್ಟಾಗುತ್ತದೆ. ಬಲವನ್ನೂ ಜಾರಿಕೆಯನ್ನೂ ಗುಣಿಸಿದರೆ ಉಜ್ಜಾಟ ನಾಲ್ಕರಷ್ಟು. ಊರ ರಸ್ತೆಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ತಿರುವು ತೆಗೆಯುವಾಗ ಪಕ್ಕಕ್ಕೆ ಬೀಳುವ ಬಲ ಕಾರಿನ ತೂಕದ ಕಾಲು ಭಾಗ ಇದ್ದರೆ ಹೆಚ್ಚು. 60 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 80 ಕಿ.ಮೀ. ವೇಗದಲ್ಲಿ ತೆಗೆದರೆ ಆ ಬಲ ತೂಕದ ಶೇ. 84ಕ್ಕೆ ಏರುತ್ತದೆ. ಬಲ ಮೂರೂಕಾಲು ಪಟ್ಟು, ಉಜ್ಜಾಟ ಹನ್ನೊಂದು ಪಟ್ಟು. ಇದು ರಬ್ಬರು ಕಾಯುವುದಕ್ಕೆ ಮುಂಚಿನ ಲೆಕ್ಕ. ಕಾದ ಮೇಲೆ ಮೆತ್ತಗಾದ ರಬ್ಬರು ಇನ್ನೂ ಬೇಗ ಕಿತ್ತುಬರುತ್ತದೆ. ಊರ ರಸ್ತೆಯಲ್ಲಿ ಅಂಥ ತಿರುವು ಹತ್ತು ಕಿ.ಮೀ.ಗೆ ಒಂದು ಬಂದೀತು. ಟ್ರ್ಯಾಕಿನಲ್ಲಿ ಸುತ್ತು ಸುತ್ತಿಗೂ ಬೆನ್ನುಬೆನ್ನಿಗೆ ಬರುತ್ತವೆ, ನಡುವೆ ತಣ್ಣಗಾಗಲು ಪುರುಸೊತ್ತಿಲ್ಲ. ಹೀಗಾಗಿ ಟ್ರ್ಯಾಕಿನ ಸವೆತವನ್ನು ಕಿ.ಮೀ.ನಲ್ಲಿ ಅಳೆಯುವುದು ದಂಡ. ಎಷ್ಟು ತಿರುವು, ಎಷ್ಟು ಬಿರುಸು ಎಂದು ಕೇಳಬೇಕು.

ಅಂಚೇ ಏಕೆ ಹೋಗಬೇಕು? ನಮ್ಮಲ್ಲಿನ ಬಹುಪಾಲು ಸಣ್ಣ ಕಾರುಗಳಿಗೆ ಎಂಜಿನ್ ಮುಂದೆ, ಎಳೆಯುವ ಚಕ್ರವೂ ಮುಂದೆ. ನಿಂತಾಗಲೇ ಭಾರದ ಶೇ. 60ಕ್ಕೂ ಹೆಚ್ಚು ಮುಂದಿನ ಚಕ್ರಗಳ ಮೇಲಿರುತ್ತದೆ. ಬಲಕ್ಕೆ ತಿರುಗಿದಾಗ ಕಾರು ಎಡಕ್ಕೆ ವಾಲುತ್ತದೆ. ಆಗ ಎಡ ಮುಂದಿನ ಚಕ್ರವೊಂದರ ಮೇಲೆಯೇ ಇಡೀ ಕಾರಿನ ಅರ್ಧದಷ್ಟು ಭಾರ ಕೂರುತ್ತದೆ. ಎಳೆಯುವುದೂ ಅದೇ, ತಿರುಗಿಸುವುದೂ ಅದೇ, ಬ್ರೇಕಿನ ದೊಡ್ಡ ಪಾಲು ಹೊರುವುದೂ ಅದೇ. ಮನೆ ಕಾರಿನ ಸಸ್ಪೆನ್ಷನ್ನು ಗುಂಡಿ ರಸ್ತೆಗೆ, ಸೊಂಟ ನೋಯದ ಪ್ರಯಾಣಕ್ಕೆ ಮಾಡಿದ್ದು. ಕಾರು ಮೂರ್ನಾಲ್ಕು ಡಿಗ್ರಿ ವಾಲಿದರೆ ಚಕ್ರವೂ ಅದರ ಜೊತೆ ಹೊರಕ್ಕೆ ವಾಲುತ್ತದೆ. ಚಕ್ರದ ತಲೆ ಒಳಕ್ಕೆ ಬಾಗಿರುವುದಕ್ಕೆ ನೆಗೆಟಿವ್ ಕ್ಯಾಂಬರ್ ಎನ್ನುತ್ತಾರೆ. ಫ್ಯಾಕ್ಟರಿಯಿಂದ ಬಂದ ಕಾರಿನಲ್ಲಿ ಅದು ಅರ್ಧ ಡಿಗ್ರಿಯೋ ಒಂದು ಡಿಗ್ರಿಯೋ ಇರುತ್ತದೆ. ವಾಲುವಿಕೆ ಅದನ್ನು ನುಂಗಿ ಹಾಕುತ್ತದೆ. ಆಗ ಟೈರು ಪೂರ್ತಿ ಅಗಲಕ್ಕೆ ನೆಲ ಕಚ್ಚುವ ಬದಲು ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಎರಡು ಬೆರಳಗಲದ ರಬ್ಬರು ನಾಲ್ಕು ಬೆರಳಗಲದ್ದರ ಕೆಲಸ ಮಾಡಬೇಕಾಗುತ್ತದೆ. ಇರುಂಗಾಟ್ಟುಕೋಟೈ, ಬುದ್ಧ ಎರಡರಲ್ಲೂ ಓಟ ಪ್ರದಕ್ಷಿಣೆಯ ದಿಕ್ಕಿನದು, ಬಲ ತಿರುವುಗಳೇ ಹೆಚ್ಚು. ಹೀಗಾಗಿ ಮೊದಲು ಮುಗಿಯುವುದು ಎಡ ಮುಂದಿನ ಟೈರು. ನಾಲ್ಕೂ ಟೈರು ಒಟ್ಟಿಗೆ ಸವೆಯುತ್ತವೆ ಎಂದುಕೊಂಡು ಬಜೆಟ್ಟು ಹಾಕುವವರ ಲೆಕ್ಕ ತಪ್ಪುವುದು ಇಲ್ಲಿಯೇ.

ಎತ್ತರದ ಎಸ್‌ಯುವಿಗಳ ಬಗ್ಗೆ ಒಂದೇ ಮಾತು: ಬೇಡ. ವಾಲುವುದು ಹೆಚ್ಚು, ತೂಕ ಹೆಚ್ಚು, ಟೈರು ಟ್ರ್ಯಾಕಿಗಲ್ಲ. ಬ್ಯಾಟರಿ ಕಾರುಗಳು ತಗ್ಗಾಗಿ ಕೂತಿದ್ದರೂ ತೂಕ ಮತ್ತು ಒಮ್ಮೆಗೇ ನುಗ್ಗುವ ಶಕ್ತಿಯಿಂದ ಟೈರನ್ನು ಬೇಗ ತಿನ್ನುತ್ತವೆ.

ಇನ್ನು ಗಾಳಿ. ಇಡೀ ವಿಷಯದಲ್ಲಿ ಖರ್ಚಿಲ್ಲದೆ ಕೈಗೆಟಕುವ ಮದ್ದು ಇದೊಂದೇ. ಜನ ಅತಿ ಹೆಚ್ಚು ಎಡವುವುದೂ ಇಲ್ಲಿಯೇ. ಬೆಳಿಗ್ಗೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 32 ಪಿಎಸ್‌ಐ ಗಾಳಿ ಹಿಡಿಸಿದ್ದೀರಿ ಎನ್ನಿ. ಐದಾರು ಸುತ್ತು ಬಿರುಸಾಗಿ ಓಡಿದ ಮೇಲೆ ಟೈರಿನ ಒಳಗಿನ ಗಾಳಿ 80 ಡಿಗ್ರಿಗೆ ಬಂದರೆ ಒತ್ತಡ 40ರ ಹತ್ತಿರ ಹೋಗಿರುತ್ತದೆ. ಇಷ್ಟು ಏರಿದರೆ ಟೈರು ನಡುವಿನಲ್ಲಿ ಉಬ್ಬಿ ಹಿಡಿತ ಕಡಿಮೆಯಾಗುತ್ತದೆ ಎಂದು ರೇಸಿನವರು ಗಾಳಿ ಬಿಡುತ್ತಾರೆ. ಅವರನ್ನು ನೋಡಿ ಮನೆ ಕಾರಿನವರೂ 26, 28ಕ್ಕೆ ಇಳಿಸಿಕೊಂಡು ಟ್ರ್ಯಾಕಿಗೆ ನುಗ್ಗುತ್ತಾರೆ. ರೇಸ್ ಕಾರಿನ ಟೈರಿನ ಪಕ್ಕ ಗಟ್ಟಿ, ಕ್ಯಾಂಬರ್ ಮೂರು ಡಿಗ್ರಿ, ಕಾರು ಹಗುರ. ನಮ್ಮ ಕಾರಿನ ಟೈರಿನ ಪಕ್ಕ ಮೆತ್ತಗೆ. ಗಾಳಿ ಕಡಿಮೆಯಾದರೆ ಅದು ತಿರುವಿನಲ್ಲಿ ಮಡಿಚಿಕೊಂಡು ಪಕ್ಕದ ಬರಹದವರೆಗೂ ನೆಲಕ್ಕೆ ಉಜ್ಜುತ್ತದೆ. ಮಡಿಚುವ ಪ್ರತಿ ಸಲವೂ ಒಳಗೆ ಕಾವು ಏರುತ್ತದೆ. ಅಂಚು ಹರಿಯುವುದಷ್ಟೇ ಅಲ್ಲ, ಒಳಗಿನ ಪದರವೇ ಬಿಡುವ ಅಪಾಯ ಇದರಲ್ಲಿದೆ.

ಗಾಳಿ ಇಳಿಸುವವರು, ಇಳಿಸಬಾರದೆನ್ನುವವರು, ಎರಡೂ ಪಂಗಡದವರ ವಾದ ಕೇಳಿದ ಮೇಲೆ ನನ್ನ ಅಭಿಪ್ರಾಯ ಇದು: ಏನೂ ಬದಲಾಯಿಸದ ಮುಂಚಕ್ರ ಎಳೆತದ ಕಾರಿಗೆ, ಬಿಸಿಯಾದಾಗ ಮುಂದಿನ ಟೈರಿನಲ್ಲಿ 36ರಿಂದ 40 ಪಿಎಸ್‌ಐ ಇರಲಿ. ಅದರೊಳಗೆ ಎಲ್ಲಿ ನಿಲ್ಲಿಸಬೇಕೆಂದು ಹೇಳುವುದು ಮೀಟರ್ ಅಲ್ಲ, ಚಾಕ್‌ಪೀಸು. ಗ್ರಿಪ್ಪಿನ ಹೊರ ಅಂಚಿನಿಂದ ಪಕ್ಕದ ಮೇಲೆ ಒಂದೆರಡು ಇಂಚು ಇಳಿಯುವ ಹಾಗೆ ಬಿಳಿ ಗೆರೆ ಎಳೆಯಿರಿ, ಟೈರಿನ ಸುತ್ತ ಮೂರು ಕಡೆ. ಮೂರು ಸುತ್ತು ಬಿಗಿಯಾಗಿ ಓಡಿಸಿ ಬಂದು ನೋಡಿ. ಬಹಳಷ್ಟು ಟೈರುಗಳ ಅಂಚಿನಲ್ಲಿ ಬೆರಳುಗುರಿನಷ್ಟು ಸಣ್ಣ ತ್ರಿಕೋನದ ಗುರುತು ಅಚ್ಚಾಗಿರುತ್ತದೆ. ಗೆರೆ ಆ ತ್ರಿಕೋನದ ತುದಿಯವರೆಗೆ ಅಳಿಸಿದ್ದರೆ ಗಾಳಿ ಸರಿ. ತ್ರಿಕೋನ ದಾಟಿ ಪಕ್ಕದ ಬರಹಕ್ಕೆ ಬಂದಿದ್ದರೆ ಎರಡು ಪಿಎಸ್‌ಐ ಹಾಕಿ. ಅಂಚಿನ ಹತ್ತಿರಕ್ಕೇ ಬರದೆ ಗೆರೆ ಹಾಗೇ ಉಳಿದಿದ್ದರೆ ಎರಡು ಬಿಡಿ. ಐದು ರೂಪಾಯಿ ಖರ್ಚಿಲ್ಲದ ಈ ಕೆಲಸವನ್ನು ಬಿಟ್ಟು ಸಾವಿರಾರು ರೂಪಾಯಿಯ ಟೈರಿಗೆ ಕೈ ಹಾಕುವವರನ್ನು ನೋಡಿದರೆ ಕನಿಕರವಾಗುತ್ತದೆ.

ಇದಕ್ಕೆ ಇನ್ನೊಂದು ತುದಿಯೂ ಇದೆ. ಬಿಸಿಯಲ್ಲಿ 40 ಇದ್ದದ್ದನ್ನು 36ಕ್ಕೆ ಇಳಿಸಿಕೊಂಡರೆ, ಸಂಜೆ ಟೈರು ತಣ್ಣಗಾದಾಗ ಉಳಿಯುವುದು 29ಕ್ಕಿಂತ ಕಡಿಮೆ. ಸಾಮಾನು, ಸ್ನೇಹಿತರನ್ನು ತುಂಬಿಕೊಂಡು ಘಾಟಿ ಹತ್ತುವ ಮುಂಚೆ ಗಾಳಿ ಹಿಡಿಸಲೇಬೇಕು. ದಿಂಬಂನಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಬಂಡೀಪುರದ ಮೇಲಿನ ಇನ್ನೊಂದು ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಹೊತ್ತಾಯಿತೆಂದು ಗಾಳಿ ನೋಡದೆ ಓಡಿಬರುವುದು ಈ ಕಾರಣಕ್ಕೇ ಹೆಚ್ಚು. ಕಾಲು ಚಾಚಿದಷ್ಟೂ ಜಾಗವಿರದ ಡಿಕ್ಕಿಯಲ್ಲೂ ಸಿಗರೇಟ್ ಲೈಟರಿಗೆ ಸಿಕ್ಕಿಸುವ ಸಣ್ಣ ಪಂಪೊಂದಕ್ಕೆ ಜಾಗವಾಗುತ್ತದೆ.

ನೈಟ್ರೋಜನ್ ಹಾಕಿಸಿದರೆ ಒತ್ತಡ ಏರುವುದಿಲ್ಲ ಎಂಬ ನಂಬಿಕೆ ಹೆದ್ದಾರಿಯ ಅಂಗಡಿಗಳಲ್ಲಿ ಭದ್ರವಾಗಿ ಕೂತಿದೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್. ಕಾದಾಗ ಎರಡೂ ಹಿಗ್ಗುವುದು ಒಂದೇ ರೀತಿ. ವ್ಯತ್ಯಾಸ ಮಾಡುವುದು ತೇವ. ಕಂಪ್ರೆಸರಿನ ಟ್ಯಾಂಕಿನಲ್ಲಿ ನೀರು ನಿಂತಿದ್ದರೆ ಆ ಗಾಳಿಯ ಒತ್ತಡ ಹೇಗೆಂದರೆ ಹಾಗೆ ಏರುತ್ತದೆ. ಒಣ ಗಾಳಿ ಸಿಕ್ಕರೆ ಸಾಕು.

ಯಾವ ಟೈರು ಎನ್ನುವ ಪ್ರಶ್ನೆಗೆ ಬರೋಣ. ಕಾರಿನ ಜೊತೆ ಬರುವ ಟೈರು ಮೈಲೇಜಿಗಾಗಿ ಮಾಡಿದ್ದು. 2022ರ ಅಕ್ಟೋಬರಿನಿಂದ ಹೊಸ ವಿನ್ಯಾಸದ ಟೈರುಗಳಿಗೆ ಉರುಳುವ ತಡೆ, ಒದ್ದೆ ರಸ್ತೆಯ ಹಿಡಿತ, ಸದ್ದು ಈ ಮೂರಕ್ಕೂ ಮಿತಿ ಹಾಕಿ ನಿಯಮ ಬಂದಿದೆ, ಒಳ್ಳೆಯದೇ. ಟ್ರ್ಯಾಕಿನಲ್ಲಿ ತಾಳುವುದು ಆ ಪಟ್ಟಿಯಲ್ಲಿ ಇಲ್ಲ. ಇಂಥ ಟೈರು ಟ್ರ್ಯಾಕಿನಲ್ಲಿ ಬೇಗ ಕಿರುಚುತ್ತದೆ, ಬೇಗ ಜಾರುತ್ತದೆ. ಮೊದಲ ಸಲ ಹೋಗುವವನಿಗೆ ಇದು ವರ. ಕಡಿಮೆ ವೇಗದಲ್ಲೇ ತಪ್ಪು ತಿಳಿಸಿಕೊಡುತ್ತದೆ, ಕಾರಿನ ಹಬ್ಬು, ಬೇರಿಂಗಿನ ಮೇಲೆ ಬೀಳುವ ಭಾರವೂ ಕಡಿಮೆ. ಎರಡನೆಯ ಬಗೆ, ವೇಗದ ಕಾರುಗಳಿಗೆಂದೇ ಮಾಡಿದ ಬೇಸಿಗೆ ಟೈರು: ಪಕ್ಕ ಗಟ್ಟಿ, ಹೊರ ಅಂಚಿನ ರಬ್ಬರು ತುಂಡುಗಳು ದೊಡ್ಡವು. ರಸ್ತೆಯಲ್ಲಿ ಬೇಗ ಸವೆಯುವ ಈ ಟೈರು ಟ್ರ್ಯಾಕಿನಲ್ಲಿ ಮೊದಲಿನದಕ್ಕಿಂತ ಹೆಚ್ಚು ಬಾಳುವುದುಂಟು, ಏಕೆಂದರೆ ಇದು ಮಡಿಚಿಕೊಳ್ಳುವುದಿಲ್ಲ.

ಮೂರನೆಯದು ತಯಾರಾಗುವಾಗಲೇ ಅರ್ಧ ಬೋಳಾಗಿರುವ ಟ್ರ್ಯಾಕ್ ಟೈರು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಇವು ಸಿಗುವುದು ಕಷ್ಟ, ಸಿಕ್ಕರೆ ದುಬಾರಿ. ಟೈರಿನ ಪಕ್ಕದಲ್ಲಿ ಕೆಲವೊಮ್ಮೆ ಕಾಣುವ ಟ್ರೆಡ್‌ವೇರ್ ಸಂಖ್ಯೆ ಅಮೆರಿಕದ್ದು. ಅಲ್ಲಿ ಟೆಕ್ಸಾಸಿನ ರಸ್ತೆಗಳಲ್ಲಿ 7,200 ಮೈಲಿ ಓಡಿಸಿ ಮಾದರಿ ಟೈರಿನ ಸವೆತಕ್ಕೆ ಹೋಲಿಸಿ ಕೊಡುವ ಅಂಕ. 400 ಎಂದರೆ 100ರ ನಾಲ್ಕರಷ್ಟು ಬಾಳಿಕೆ. ಕಂಪನಿಗಳೇ ತಮ್ಮ ಟೈರಿಗೆ ಕೊಟ್ಟುಕೊಳ್ಳುವ ಅಂಕ ಅದು, ಅಳೆದದ್ದೂ ಸಾವಧಾನದ ರಸ್ತೆ ಓಟದಲ್ಲಿ. ಟ್ರ್ಯಾಕಿಗೆ ಅದನ್ನು ಪ್ರಮಾಣ ಮಾಡಿಕೊಳ್ಳಬಾರದು.

ರೀಟ್ರೆಡ್ ಬಗ್ಗೆ ಹೇಳದಿದ್ದರೆ ಮಂಡ್ಯ ಸೀಮೆಯ ಲೇಖನ ಪೂರ್ತಿಯಾಗುವುದಿಲ್ಲ. ಕಬ್ಬಿನ ಲಾರಿ, ಟ್ರ್ಯಾಕ್ಟರ್ ಟ್ರೈಲರುಗಳಿಗೆ ರೀಟ್ರೆಡ್ ಮಾಡಿದ ಟೈರು ಹಾಕುವುದು ಇಲ್ಲಿ ರೂಢಿ. ಮೈಷುಗರ್‌ಗೋ ಪಾಂಡವಪುರದ ಸಕ್ಕರೆ ಕಾರ್ಖಾನೆಗೋ ಮೆಲ್ಲಗೆ ಸಾಗುವ ಗಾಡಿಗೆ ಅದು ಸಾಕು. ಅದೇ ನಂಬಿಕೆಯ ಮೇಲೆ ಕಾರಿಗೂ ರೀಟ್ರೆಡ್ ಹಾಕಿಕೊಂಡು ಟ್ರ್ಯಾಕಿಗೆ ಹೋಗುತ್ತೇನೆಂದರೆ, ಕಾವಿಗೆ ಮೇಲಿನ ಪಟ್ಟಿಯೇ ಸುಲಿದುಬಂದೀತು. ಇದಕ್ಕೆ ಚರ್ಚೆಯೇ ಇಲ್ಲ.

ಹೊಸ ಟೈರಿಗಿಂತ ಅರ್ಧ ಸವೆದ ಟೈರು ಟ್ರ್ಯಾಕಿಗೆ ಮೇಲು ಎಂದರೆ ನಂಬುವವರು ಕಡಿಮೆ. ಹೊಸ ಟೈರಿನ ಗ್ರಿಪ್ಪಿನ ಆಳ 7ರಿಂದ 8 ಮಿ.ಮೀ. ಅಷ್ಟೆತ್ತರದ ರಬ್ಬರು ತುಂಡು ಪಕ್ಕದ ಬಲಕ್ಕೆ ಓಲಾಡುತ್ತದೆ, ಓಲಾಡಿದಷ್ಟೂ ಬಿಸಿಯಾಗುತ್ತದೆ, ಬುಡದಲ್ಲಿ ಬಿರಿದು ತುಂಡುತುಂಡಾಗಿ ಕೀಳುತ್ತದೆ. 4 ಮಿ.ಮೀ. ಉಳಿದ ಟೈರಿನಲ್ಲಿ ಆ ತುಂಡು ಗಿಡ್ಡಗೆ ಗಟ್ಟಿಯಾಗಿ ನಿಲ್ಲುತ್ತದೆ. ಅಮೆರಿಕದಲ್ಲಿ ಟ್ರ್ಯಾಕಿಗೆ ಹೋಗುವವರು ಹೊಸ ಟೈರನ್ನೇ ಯಂತ್ರಕ್ಕೆ ಕೊಟ್ಟು ಗ್ರಿಪ್ ಹೆರೆಸಿಕೊಳ್ಳುವ ಪದ್ಧತಿಯಿದೆ. ನಮಗೆ ಅಷ್ಟು ದುಂದು ಬೇಕಿಲ್ಲ. ರಸ್ತೆಯಲ್ಲಿ ಇಪ್ಪತ್ತು ಸಾವಿರ ಕಿ.ಮೀ. ಓಡಿಸಿ ಅರ್ಧ ಸವೆದದ್ದನ್ನು ಟ್ರ್ಯಾಕಿನಲ್ಲಿ ಮುಗಿಸುವುದು ಲೆಕ್ಕಕ್ಕೂ ಸರಿ, ಶಾಸ್ತ್ರಕ್ಕೂ ಸರಿ. ಎರಡು ಷರತ್ತು: ಟೈರಿನ ಪಕ್ಕದ ನಾಲ್ಕು ಅಂಕಿಯಲ್ಲಿ ವಾರ ಮತ್ತು ವರ್ಷ ನೋಡಿ, ಐದಾರು ವರ್ಷ ಹಳೆಯದಾಗಿದ್ದರೆ ಬಿಟ್ಟುಬಿಡಿ; ಮಳೆ ಬರುವ ದಿನವಾದರೆ ಗ್ರಿಪ್ಪಿನ ಆಳ ಬೇಕೇ ಬೇಕು. ಕಾರಿಗೆ ಕಾನೂನು ಹೇಳುವ ಕನಿಷ್ಠ ಆಳ 1.6 ಮಿ.ಮೀ. ವಾಪಸು ಬರುವ ದಾರಿಗೂ ಅದು ಉಳಿದಿರಬೇಕು.

ಚಾಲಕನ ಕೈ ಕಾಲಿನ ಪಾತ್ರ ಟೈರಿನ ಬ್ರ್ಯಾಂಡಿಗಿಂತ ದೊಡ್ಡದು. ತಿರುವಿಗೆ ಜೋರಾಗಿ ನುಗ್ಗಿದ ಕಾರು ಹೇಳಿದ ದಿಕ್ಕಿಗೆ ತಿರುಗದೆ ನೇರಕ್ಕೇ ಹೋಗತೊಡಗಿದಾಗ ಎಲ್ಲರೂ ಮಾಡುವುದು ಒಂದೇ, ಸ್ಟೇರಿಂಗನ್ನು ಇನ್ನಷ್ಟು ತಿರುಗಿಸುವುದು. ಜಾರುತ್ತಿರುವ ಟೈರನ್ನು ಇನ್ನೂ ಅಡ್ಡ ಹಿಡಿದರೆ ಕಾರು ತಿರುಗುವುದಿಲ್ಲ, ರಬ್ಬರು ತುರಿಯುತ್ತದೆ ಅಷ್ಟೇ. ಆ ಎರಡು ಸೆಕೆಂಡಿನಲ್ಲಿ ಹೋಗುವ ರಬ್ಬರು, ಒಂದು ಇಡೀ ಸುತ್ತನ್ನು ನಯವಾಗಿ ಓಡಿಸಿದರೂ ಹೋಗದು. ಸ್ಟೇರಿಂಗ್ ಸ್ವಲ್ಪ ಸಡಿಲಿಸಿ, ಎಕ್ಸಿಲರೇಟರ್ ಬಿಟ್ಟು ಮೂತಿಗೆ ಭಾರ ಬರಲು ಬಿಟ್ಟರೆ ಹಿಡಿತ ತಾನೇ ವಾಪಸು ಬರುತ್ತದೆ. ಬ್ರೇಕನ್ನು ನೇರದಲ್ಲೇ ಮುಗಿಸಿ, ತಿರುವಿಗೆ ನಿಧಾನ ಹೋಗಿ, ಹೊರಗೆ ಬರುವಾಗ ಬಿರುಸು ಹಿಡಿಯುವವನ ಸುತ್ತಿನ ಸಮಯವೂ ಕಡಿಮೆ, ಟೈರಿನ ಖರ್ಚೂ ಕಡಿಮೆ. ನಾಲ್ಕೈದು ಬಿಗಿ ಸುತ್ತಾದ ಮೇಲೆ ಒಂದೆರಡು ಮೆಲ್ಲನೆಯ ಸುತ್ತು ಹಾಕಿ ತಣಿಸುವುದೂ ಇದೇ ಲೆಕ್ಕಕ್ಕೆ ಸೇರಿದ್ದು. ಬೇಸಿಗೆಯ ಮಧ್ಯಾಹ್ನ ಕೊಯಮತ್ತೂರಿನ ಡಾಂಬರಿನ ಮೇಲೆ ಬರಿಗಾಲಿಡಲಾಗುವುದಿಲ್ಲ. ಬೆಳಗಿನ ಸರದಿಗಳನ್ನು ಪೂರ್ತಿ ಬಳಸಿಕೊಂಡು ಎರಡು ಗಂಟೆಯ ಸರದಿ ಬಿಟ್ಟುಕೊಟ್ಟರೆ ನಷ್ಟವಿಲ್ಲ.

ಒಂದೇ ತಿರುವು, ಒಂದೇ ಟೈರು, ಮಿತಿಮೀರಿದ ಭಾರ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡವರ ಉದಾಹರಣೆಯೂ ಇದೆ. 2005ರ ಜೂನ್ 19ರಂದು ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಫಾರ್ಮುಲಾ ಒನ್ ರೇಸಿನಲ್ಲಿ ವಾಲಿದ ಕೊನೆಯ ತಿರುವನ್ನು ಮಿಷೆಲಿನ್ ಟೈರುಗಳು ತಾಳಲಾರವು ಎಂದು ಗೊತ್ತಾಗಿ 14 ಕಾರುಗಳು ಹಿಂದೆ ಸರಿದವು. ಸ್ಪರ್ಧೆ ನಡೆದದ್ದು ಆರೇ ಕಾರುಗಳ ನಡುವೆ. ಪ್ರಪಂಚದ ಅತಿ ಬುದ್ಧಿವಂತ ಎಂಜಿನಿಯರುಗಳ ಲೆಕ್ಕವೂ ತಪ್ಪುವ ಜಾಗ ಇದು.

ಸರದಿ ಮುಗಿಸಿ ಬಂದ ಟೈರನ್ನು ಓದಲು ಕಲಿತರೆ ಊರಿನ ಅಂಗಡಿಯ ತೀರ್ಪಿಗೆ ಕಾಯಬೇಕಿಲ್ಲ. ಅಂಗೈಯನ್ನು ಗ್ರಿಪ್ಪಿನ ಅಡ್ಡಕ್ಕೆ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಸವರಿ ನೋಡಿ. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದಂತೆ ತಾಕಿದರೆ ಅದು ಟೋ, ಅಂದರೆ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ತಪ್ಪಿದ್ದು; ಅಂಗಡಿಯವರು ಹೇಳಿದ ಅಲೈನ್‌ಮೆಂಟ್ ದೋಷವೇ. ಟ್ರ್ಯಾಕಿನ ಸವೆತ ಬೇರೆ ಥರ. ಅಂಚಿನ ತುಂಡುಗಳ ತುದಿ ಕರಗಿ ತುಟಿಯಂತೆ ಹೊರಳಿರುತ್ತದೆ, ಮೇಲ್ಮೈ ತರಿತರಿಯಾಗಿ ಸ್ಲೇಟು ಬಣ್ಣಕ್ಕೆ ತಿರುಗಿರುತ್ತದೆ, ನೀಲಿ ಛಾಯೆ ಕಂಡರೆ ಕಾವು ಮಿತಿಮೀರಿದೆ ಎಂದರ್ಥ. ಸಣ್ಣ ಸಣ್ಣ ಗುಳಿಗಳು ಬಿದ್ದಿದ್ದರೆ ಒಳಗೆ ಗುಳ್ಳೆ ಎದ್ದು ಒಡೆದಿದೆ; ಆ ಟೈರನ್ನು ಅಲ್ಲಿಗೇ ನಿಲ್ಲಿಸಬೇಕು. ಸ್ಕೂಲಿನಲ್ಲಿ ರಬ್ಬರು ಉಜ್ಜಿದಾಗ ಉದುರುವಂಥ ಎಳೆಗಳು ಗ್ರಿಪ್ಪಿಗೆ ಅಂಟಿಕೊಂಡಿದ್ದರೆ ಗಾಬರಿಯಾಗಬೇಡಿ. ಅವು ಟ್ರ್ಯಾಕಿನ ಅಂಚಿನಲ್ಲಿ ಬಿದ್ದಿದ್ದ ಪರರ ರಬ್ಬರು. ವಾಪಸು ಬರುವಾಗ ಇಪ್ಪತ್ತು ಕಿ.ಮೀ. ಕಾರು ನಡುಗಿಸಿ ಆಮೇಲೆ ಉದುರಿಹೋಗುತ್ತವೆ.

ಅಂಚು ಹೋದ ಟೈರಿಗೆ ಒಂದು ಹಳೆಯ ಉಪಾಯವಿದೆ. ನಮ್ಮ ಸಣ್ಣ ಕಾರುಗಳ ಎಷ್ಟೋ ಟೈರುಗಳಿಗೆ ಒಳಬದಿ ಹೊರಬದಿ ಎಂಬ ಭೇದವಿಲ್ಲ, ದಿಕ್ಕಿನ ಬಾಣದ ಗುರುತೂ ಇರುವುದಿಲ್ಲ. ಅಂಥದ್ದನ್ನು ರಿಮ್ಮಿನಿಂದ ಬಿಚ್ಚಿಸಿ ಮಗುಚಿ ಹಾಕಿಸಿದರೆ ಸವೆದ ಅಂಚು ಒಳಕ್ಕೆ ಹೋಗಿ, ಹೊಸ ಅಂಚು ಹೊರಕ್ಕೆ ಬರುತ್ತದೆ. ಟೈರ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಯ ಕೆಲಸ, ಬ್ಯಾಲೆನ್ಸಿಂಗ್ ಸೇರಿ. "ಯಾಕ್ ಸಾರ್ ಉಲ್ಟಾ ಹಾಕಿಸ್ತೀರಾ" ಅಂತ ಹುಡುಗರು ನಗುತ್ತಾರೆ, ನಗಲಿ. ಒಂದು ಜೊತೆ ಟೈರಿನ ಆಯುಸ್ಸು ಹೆಚ್ಚುತ್ತದೆ. ಪಕ್ಕದಲ್ಲಿ ಹೊರಬದಿ ಎಂದು ಬರೆದಿದ್ದರೆ ಮಾತ್ರ ಮಗುಚಬಾರದು. ಇನ್ನೊಂದು ಉಪಾಯ ಕ್ಯಾಂಬರ್ ಬೋಲ್ಟು. ಅದರಿಂದ ಇನ್ನೊಂದು, ಒಂದೂವರೆ ಡಿಗ್ರಿ ನೆಗೆಟಿವ್ ಕ್ಯಾಂಬರ್ ಸಿಗುತ್ತದೆ. ದಿನಾ ಓಡಾಡುವ ಕಾರಿಗೆ ಅಷ್ಟರಿಂದ ಒಳ ಅಂಚು ಹೋದೀತೆಂಬ ಭಯ ಸ್ವಲ್ಪ ಅತಿಯಾದದ್ದು, ಟೋ ಸರಿಯಿದ್ದರೆ ಕ್ಯಾಂಬರ್ ಒಂದೇ ಅಷ್ಟು ತಿನ್ನುವುದಿಲ್ಲ. ವರ್ಷಕ್ಕೆ ಒಮ್ಮೆ ಹೋಗುವವರಿಗೆ ಈ ತಾಪತ್ರಯ ಬೇಡ, ಮೂರ್ನಾಲ್ಕು ಸಲ ಹೋಗುವವರಿಗೆ ಇದೇ ಉಳಿತಾಯ.

ದುಡ್ಡಿನ ವಿಷಯ. ಟೈರೊಂದಕ್ಕೆ 8,000 ರೂಪಾಯಿ ಹಿಡಿದು, ಮುಂದಿನ ಜೊತೆಯ ಮೂರನೇ ಒಂದು ಪಾಲು ಒಂದು ದಿನಕ್ಕೆ ಹೋಯಿತೆಂದರೆ ಐದು ಸಾವಿರ ಚಿಲ್ಲರೆ. ಹೋಗಿಬರುವ ದಾರಿ ಮತ್ತು ಟ್ರ್ಯಾಕಿಗೆ ಸೇರಿ ಐವತ್ತೈದು ಲೀಟರ್ ಪೆಟ್ರೋಲ್ ಸುಡುತ್ತದೆ, ಲೀಟರಿಗೆ ನೂರು ದಾಟಿರುವಾಗ ಅದೂ ಹತ್ತಿರ ಹತ್ತಿರ ಅಷ್ಟೇ. ಗಾಳಿ ನೋಡದೆ, ಸ್ಟೇರಿಂಗ್ ಎಳೆದಾಡಿ ಓಡಿಸಿದವನಿಗೆ ಟೈರಿನ ಖರ್ಚು ಎರಡರಷ್ಟು ಬರುತ್ತದೆ. ಇನ್ಶೂರೆನ್ಸಿನ ಆಸೆ ಬೇಡ. ಸಾಮಾನ್ಯ ಪಾಲಿಸಿಯಲ್ಲಿ ರೇಸಿಂಗ್, ವೇಗ ಪರೀಕ್ಷೆಗಳನ್ನು ಹೊರಗಿಟ್ಟಿರುತ್ತಾರೆ. ರಸ್ತೆ ಅಪಘಾತದಲ್ಲೂ ಕಾರಿಗೆ ಏಟಾದರೆ ಮಾತ್ರ ಟೈರಿಗೆ ಅರ್ಧ ಬೆಲೆ ಕೊಡುವುದು.

ಇಷ್ಟೆಲ್ಲ ತಾಪತ್ರಯಕ್ಕಿಂತ ಬೆಂಗಳೂರು–ಮೈಸೂರು ಹೆದ್ದಾರಿಯೇ ಇದೆಯಲ್ಲ ಎನ್ನುವವರಿದ್ದಾರೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಆ 118 ಕಿ.ಮೀ. ರಸ್ತೆಯಲ್ಲಿ ಶ್ರೀರಂಗಪಟ್ಟಣದ ಹತ್ತಿರ ಸಂಜೆ ಹೊತ್ತು ನಿಂತರೆ ಸಾಕು, ಎಂಥೆಂಥ ವೇಗ ಕಾಣುತ್ತದೆ. ಮಿತಿ ಇರುವುದು ಗಂಟೆಗೆ 100 ಕಿ.ಮೀ.; ಕ್ಯಾಮೆರಾಗಳಿವೆ. ಅದು ಅಪರಾಧ, ಅಪಾಯ ಎಂಬುದನ್ನು ಬಿಟ್ಟು ಬರೀ ಟೈರಿನ ಕಡೆಯಿಂದ ನೋಡಿದರೂ ಅದರಲ್ಲಿ ಕಲಿಯುವುದು ಏನೂ ಇಲ್ಲ. ನೇರ ರಸ್ತೆಯ ವೇಗ ಅಂಚನ್ನು ಮುಟ್ಟುವುದೇ ಇಲ್ಲ. ಗಾಳಿ ಕಡಿಮೆಯಿರುವ ಟೈರು ಅಲ್ಲಿ ಸದ್ದಿಲ್ಲದೆ ಒಳಗೊಳಗೇ ಕಾದು, ಹೊರಗೆ ಏನೂ ಗುರುತು ತೋರಿಸದೆ ಸಿಡಿಯುತ್ತದೆ.

ಕೊನೆಗೆ, ಟ್ರ್ಯಾಕಿನಲ್ಲಿ ಮುಗಿದ ಟೈರು ಎಲ್ಲಿಗೆ ಹೋಗಬೇಕು? ನಡುವೆ ಗ್ರಿಪ್ ಚೆನ್ನಾಗಿರುವುದರಿಂದ ಸೆಕೆಂಡ್ ಹ್ಯಾಂಡ್ ಟೈರಿನವರು ಒಳ್ಳೆಯ ಬೆಲೆಗೆ ಕೇಳುತ್ತಾರೆ, ಬೇರೆ ಯಾರದೋ ಟ್ಯಾಕ್ಸಿಗೆ ಸವೆದ ಅಂಚನ್ನು ಒಳಬದಿ ಮಾಡಿ ಹಾಕಿಬಿಡುತ್ತಾರೆ. ಹತ್ತಾರು ಸಲ ಕಾದು ತಣ್ಣಗಾದ ಆ ರಬ್ಬರು ಗಡುಸಾಗಿ ಹಿಡಿತ ಬಿಟ್ಟಿರುತ್ತದೆ, ಒಳಪದರಕ್ಕೆ ಏನಾಗಿದೆಯೋ ಕಣ್ಣಿಗೆ ಕಾಣುವುದಿಲ್ಲ. ಇತ್ತ ಆಲೆಮನೆ ಒಲೆಗೆ ಹಳೆ ಟೈರು ಹಾಕುತ್ತಾರೆಂಬ ದೂರು ಮಂಡ್ಯ ಜಿಲ್ಲೆಯಲ್ಲಿ ಆಗಾಗ ಕೇಳಿಬರುತ್ತದೆ. ಬೆಲ್ಲದ ಪಕ್ಕದಲ್ಲಿ ಆ ಹೊಗೆ. ಹಳೆ ಟೈರಿನ ವಿಲೇವಾರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿ 2022ರಲ್ಲಿ ಕೇಂದ್ರದ ನಿಯಮ ಬಂದಿದೆ, ಹಾಗಾಗಿ ಹೊಸ ಟೈರು ಕೊಳ್ಳುವ ಡೀಲರ್ ಹತ್ತಿರವೇ ಹಳೆಯದನ್ನು ಬಿಟ್ಟುಬರುವುದು ಸರಿ. ಬಿಡುವ ಮುಂಚೆ ಪಕ್ಕಕ್ಕೆ ಒಂದು ಉದ್ದನೆಯ ಕೊಯ್ತ ಹಾಕಿ, ಮತ್ತೆ ಯಾರ ಕಾರಿಗೂ ಏರದ ಹಾಗೆ.